ಏರಿಯ ಮೇಲಿನ ಸೈಕಲ್ ದಾರಿ

ಕೇಳುಗರಿಗೆ ನಮಸ್ಕಾರ.

ಕೆರೆಯ ಏರಿಯ ಮೇಲೆ ಸೈಕಲ್ ತುಳಿದವರಿಗೆ ಒಂದು ನೋಟ ಪರಿಚಿತವಾಗಿರುತ್ತದೆ. ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಗದ್ದೆ, ನಡುವೆ ಆಳೆತ್ತರದ ಮಣ್ಣು. ನೀರು ಗದ್ದೆಗಿಂತ ಎಷ್ಟು ಮೇಲೆ ನಿಂತಿದೆ ಎಂಬುದು ಆ ಮಣ್ಣಿನ ಮೇಲೆ ನಿಧಾನವಾಗಿ ಹೋಗುವವರಿಗೆ ಮಾತ್ರ ಸರಿಯಾಗಿ ಕಾಣುತ್ತದೆ. ಈ ಹೊತ್ತು ನಾನು ಹೇಳಹೊರಟಿರುವುದು ಅಂಥದೇ ಒಂದು ಏರಿಯ ಸಂಗತಿ. ಅದು ಇರುವುದು ಬೆಲ್ಜಿಯಂ ದೇಶದ ಪಶ್ಚಿಮದಂಚಿನ ಫ್ಲಾಂಡರ್ಸ್ ಸೀಮೆಯಲ್ಲಿ, ಕಡಲತೀರದ ನ್ಯೂಪೋರ್ಟ್ ಪಟ್ಟಣಕ್ಕೂ ಒಳನಾಡಿನ ಡಿಕ್ಸ್‌ಮೌಡೆ ಪಟ್ಟಣಕ್ಕೂ ನಡುವೆ. ಒಂದು ಕಾಲಕ್ಕೆ ಅದರ ಮೇಲೆ 74ನೆಯ ಸಂಖ್ಯೆಯ ರೈಲುಮಾರ್ಗವಿತ್ತು. ರೈಲು ಓಡುವುದು ನಿಂತು ದಶಕಗಳೇ ಕಳೆದಿವೆ. ಈಗ ಅಲ್ಲಿರುವುದು ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ, ಸುಮಾರು 15 ಕಿಲೋಮೀಟರ್ ಉದ್ದದ ಸೈಕಲ್ ದಾರಿ. ಅದನ್ನು ಫ್ರಂಟ್‌ಜಾಟೆ ಎನ್ನುತ್ತಾರೆ, ಅಂದರೆ ರಣರಂಗದ ರೈಲುಹಾಸು.

ಸುತ್ತಲಿನ ಹೊಲಗಳಿಗಿಂತ ಈ ಏರಿ ಒಂದೆರಡು ಮೀಟರಿನಷ್ಟು ಮಾತ್ರ ಎತ್ತರದಲ್ಲಿದೆ. ಕಾರಿನಲ್ಲಿ ಪಕ್ಕದ ರಸ್ತೆಯಲ್ಲಿ ಹೋಗುವವರು ಅದನ್ನು ಗಮನಿಸುವುದೂ ಇಲ್ಲ. ಆದರೆ ಮೊದಲ ಮಹಾಯುದ್ಧದ ಪಶ್ಚಿಮ ರಣರೇಖೆಯ ಕಡಲ ತುದಿ ನಾಲ್ಕು ವರ್ಷಗಳ ಕಾಲ ಅಲುಗಾಡದೆ ನಿಂತದ್ದು ಈ ಎತ್ತರದ ಬಲದಿಂದಲೇ. ಅದನ್ನು ಅರಿಯಬೇಕಾದರೆ ಮೊದಲು ಆ ನೆಲದ ಗುಣವನ್ನು ತಿಳಿಯಬೇಕು. ಇದು ಮಧ್ಯಯುಗದಿಂದಲೂ ಕಟ್ಟೆ ಕಟ್ಟಿ ಕಡಲಿನಿಂದ ಬಿಡಿಸಿಕೊಂಡ ಭೂಮಿ. ಭರತದ ವೇಳೆಯ ಕಡಲು ಇಲ್ಲಿನ ಹೊಲಗಳಿಗಿಂತ ಮೇಲಿರುತ್ತದೆ. ಹೀಗಾಗಿ ಮಳೆಯ ನೀರು ತನ್ನಷ್ಟಕ್ಕೆ ತಾನು ಕಡಲು ಸೇರಲಾರದು. ನ್ಯೂಪೋರ್ಟಿನಲ್ಲಿ ಐಸರ್ ನದಿಯೂ ಕಾಲುವೆಗಳೂ ಸೇರಿ ಆರು ಜಲಮಾರ್ಗಗಳು ಒಂದೆಡೆ ಕೂಡುತ್ತವೆ. ಅದರ ಆಕಾರ ನೋಡಿ ಜನ ಅದಕ್ಕೆ ಹೆಬ್ಬಾತಿನ ಪಾದ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಇಳಿತದ ಹೊತ್ತಿಗೆ ಬಾಗಿಲುಗಳನ್ನು ಎತ್ತಿ ಹೊಲದ ನೀರನ್ನು ಹೊರಕ್ಕೆ ಬಿಡುತ್ತಾರೆ, ಭರತ ಏರುವ ಮುನ್ನ ಮುಚ್ಚುತ್ತಾರೆ. ನಮ್ಮ ಕೆರೆಯ ತೂಬು ನೀರನ್ನು ಹೊಲಕ್ಕೆ ಬಿಡಲು ಇರುವಂಥದು. ಅಲ್ಲಿನ ತೂಬು ಹೊಲದಿಂದ ನೀರನ್ನು ಹೊರಹಾಕಲು ಇರುವಂಥದು.

1914ರ ಅಕ್ಟೋಬರಿನಲ್ಲಿ ಆಂಟ್‌ವರ್ಪ್ ನಗರವನ್ನು ಕಳೆದುಕೊಂಡ ಬೆಲ್ಜಿಯಂ ಸೈನ್ಯ ಹಿಮ್ಮೆಟ್ಟಿ ಐಸರ್ ನದಿಯ ದಂಡೆಗೆ ಬಂದು ನಿಂತಿತು. ಅದರ ಬೆನ್ನಿಗೆ ಉಳಿದಿದ್ದದ್ದು ಸ್ವದೇಶದ ಒಂದು ಚಿಕ್ಕ ಮೂಲೆ ಮಾತ್ರ. ಜರ್ಮನ್ನರು ನದಿಯನ್ನೂ ದಾಟಿದಾಗ ಸೈನ್ಯ ಈ ರೈಲು ಏರಿಯ ಮರೆಗೆ ಸರಿಯಿತು. ಆಗ ಹೊಳೆದ ಉಪಾಯ ಸರಳವಾದದ್ದು, ಆದರೆ ರೈತನ ಎದೆ ಒಡೆಯುವಂಥದು: ತೂಬಿನ ಕ್ರಮವನ್ನೇ ತಿರುಗಿಸುವುದು. ಭರತದಲ್ಲಿ ಬಾಗಿಲು ತೆರೆದು, ಇಳಿತದಲ್ಲಿ ಮುಚ್ಚಿದರೆ ಕಡಲ ನೀರು ನದಿಗೂ ಏರಿಗೂ ನಡುವಿನ ತಗ್ಗಿನಲ್ಲಿ ತುಂಬಿ ನಿಲ್ಲುತ್ತದೆ. ಅದಕ್ಕಾಗಿ ಏರಿಯ ಕೆಳಗಿದ್ದ ಮೋರಿಗಳನ್ನೆಲ್ಲ ಸೈನಿಕರು ಮುಚ್ಚಿದರು. ಯಾವ ಬಾಗಿಲನ್ನು ಯಾವ ಹೊತ್ತಿಗೆ ಎತ್ತಬೇಕೆಂಬ ತಿಳಿವಳಿಕೆ ಮಾತ್ರ ದಂಡನಾಯಕರಲ್ಲಿ ಇರಲಿಲ್ಲ. ಅದು ಇದ್ದದ್ದು ಸಮೀಪದ ವೂರ್ನೆ ಪಟ್ಟಣದಲ್ಲಿ ಜಲಮಾರ್ಗಗಳ ಮೇಲ್ವಿಚಾರಕನಾಗಿದ್ದ ಕಾರೆಲ್ ಕೊಹೆ ಮತ್ತು ದೋಣಿಗಾರ ಹೆಂಡ್ರಿಕ್ ಹೇರಾರ್ಟ್ ಎಂಬುವರಲ್ಲಿ. ಮೊದಲ ಪ್ರಯತ್ನದಲ್ಲಿ ನೀರು ಸಾಲದಾಯಿತು. ಅಕ್ಟೋಬರ್ 29ರ ರಾತ್ರಿ ಇನ್ನೊಂದು ಕಡೆಯ ದೊಡ್ಡ ಬಾಗಿಲುಗಳನ್ನು ತೆರೆದ ಮೇಲೆ ನೀರು ಒಂದೇ ಸಮನೆ ಏರಿತು. ಮರುದಿನ ಜರ್ಮನ್ನರು ಏರಿಯನ್ನು ದಾಟಿ ರಾಮ್ಸ್‌ಕಪೆಲ್ಲೆ ಹಳ್ಳಿಯನ್ನು ಹಿಡಿದರೂ ಅವರ ಬೆನ್ನ ಹಿಂದೆ ಹೊಲಗಳು ಮುಳುಗುತ್ತಿದ್ದವು. ಆ ತಿಂಗಳು ಮುಗಿಯುವಷ್ಟರಲ್ಲಿ ಅವರು ಹಿಂದಿರುಗಬೇಕಾಯಿತು. ನೀರು ಆಳವಾಗಿರಲಿಲ್ಲ. ಆದರೆ ಅದರಡಿ ಹೊಲ ಯಾವುದು, ಹಳ್ಳ ಯಾವುದು ಎಂದು ತಿಳಿಯುವಂತಿರಲಿಲ್ಲ. ದೋಣಿಗೆ ಸಾಲದ, ಕಾಲಿಗೆ ಮೀರಿದ ನೀರು ಅದು.

ಇಂಥವರಿಗೆ ನಮ್ಮ ಹಳ್ಳಿಗಳಲ್ಲಿ ನೀರುಗಂಟಿ ಎಂಬ ಹೆಸರಿದೆ. ಯುದ್ಧದ ಇತಿಹಾಸದಲ್ಲಿ ನೀರುಗಂಟಿಗಳಿಗೆ ಜಾಗ ಸಿಕ್ಕುವುದು ಅಪರೂಪ. ಹೇರಾರ್ಟ್‌ನ ಚಿತ್ರವನ್ನು ಆ ದೇಶ 1950ರಲ್ಲಿ ತನ್ನ 1000 ಫ್ರಾಂಕ್ ನೋಟಿನ ಹಿಂಬದಿಯಲ್ಲಿ ಮುದ್ರಿಸಿತು. ಮುಂಬದಿಯಲ್ಲಿದ್ದವನು ದೊರೆ ಆಲ್ಬರ್ಟ್.

ಇನ್ನು ಸವಾರಿಯ ಮಾತು. ಈ ನಾಡಿನಲ್ಲಿ ಏರುದಾರಿ ಇಲ್ಲ ಎಂದು ನಂಬಿ ಹೋಗುವವರನ್ನು ಗಾಳಿ ಸತಾಯಿಸುತ್ತದೆ. ಮರೆಗೆ ಗುಡ್ಡವೂ ಇಲ್ಲ, ಕಾಡೂ ಇಲ್ಲ. ಪಶ್ಚಿಮದ ಕಡಲಗಾಳಿ ನೇರವಾಗಿ ಎದೆಗೆ ಬಡಿಯುತ್ತದೆ. ಆದ್ದರಿಂದ ಕಡಲ ಕಡೆಯಿಂದ ಹೊರಟು ಒಳನಾಡಿಗೆ ಹೋಗುವುದು ಜಾಣತನ. ನಾನು ಮೊದಲ ಸಲ ಡಿಕ್ಸ್‌ಮೌಡೆಯಿಂದ ಹೊರಟು, ಒಂದು ಗಂಟೆಯ ದಾರಿಗೆ ಎರಡು ಗಂಟೆ ತುಳಿದು, ಈ ಪಾಠವನ್ನು ತೊಡೆಗಳಿಂದ ಕಲಿತೆ. ದಾರಿಯುದ್ದಕ್ಕೂ ಕಾಂಕ್ರೀಟಿನ ಕಾವಲುಗೂಡುಗಳು ಹುಲ್ಲಿನಲ್ಲಿ ಅರ್ಧ ಹುದುಗಿವೆ. ರಾಮ್ಸ್‌ಕಪೆಲ್ಲೆಯ ರೈಲು ನಿಲ್ದಾಣದ ಗೋಡೆಗಳನ್ನು ಹಾಳಾದಂತೆಯೇ ಉಳಿಸಿದ್ದಾರೆ. ಉಳಿದಂತೆ ಕಾಣುವುದು ಹಸು, ನೀರ್ಗಾಲುವೆ ಮತ್ತು ದೂರದ ಇಗರ್ಜಿಗಳ ಗೋಪುರಗಳು.

ದಾರಿ ತಪ್ಪುವ ಭಯವಿಲ್ಲ. ಆ ಸೀಮೆಯಲ್ಲಿ ಸೈಕಲ್ ದಾರಿಗಳು ಕೂಡುವ ಪ್ರತಿಯೊಂದು ಕವಲಿಗೂ ಒಂದು ಅಂಕೆಯಿದೆ. ಮನೆಯಿಂದ ಹೊರಡುವಾಗ ನಾಲ್ಕಾರು ಅಂಕೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಫಲಕಗಳೇ ಕೈಹಿಡಿದು ನಡೆಸುತ್ತವೆ. ಈ ಏರ್ಪಾಡನ್ನು ಯೋಚಿಸಿದವನು ಬೆಲ್ಜಿಯಮ್ಮಿನ ಲಿಂಬರ್ಗ್ ಪ್ರಾಂತದ ಗಣಿ ಎಂಜಿನಿಯರ್ ಹ್ಯೂಗೊ ಬೊಲೆನ್. 1995ರಲ್ಲಿ ಅದು ಅಲ್ಲಿ ಮೊದಲಾಯಿತು. ಕಲ್ಲಿದ್ದಲ ಗಣಿಯ ಸುರಂಗಗಳ ಕವಲುಗಳಿಗೆ ಅಂಕೆ ಹಾಕುತ್ತಿದ್ದ ಕ್ರಮವೇ ಅದಕ್ಕೆ ಮೂಲ. ನೆಲದಡಿಯ ಕತ್ತಲಲ್ಲಿ ನೆರವಾದದ್ದು ಬಯಲಿನ ಬೆಳಕಿನಲ್ಲಿಯೂ ನೆರವಾಗುತ್ತಿದೆ.

ಡಿಕ್ಸ್‌ಮೌಡೆ ಸಮೀಪಿಸಿದಾಗ ನದಿಯ ಕಟ್ಟೆಯಲ್ಲಿ ಸಾವಿನ ಕಂದಕ ಎಂದೇ ಹೆಸರಾದ ಕಂದಕವಿದೆ. ಶತ್ರುವಿನ ಕಾವಲುಗೂಡು ಅಲ್ಲಿಂದ ಕೂಗಳತೆಗೂ ಹತ್ತಿರ. ಅಂದಿನ ಮರಳುಚೀಲಗಳ ಆಕಾರವನ್ನು ಸಿಮೆಂಟಿನಲ್ಲಿ ಕಾಪಾಡಿದ್ದಾರೆ. ನೋಡಲು ತುಸು ಅಚ್ಚುಕಟ್ಟು ಹೆಚ್ಚಾಯಿತೆಂದು ನನಗನ್ನಿಸಿತು. ಪಟ್ಟಣದ 84 ಮೀಟರ್ ಎತ್ತರದ ಐಸರ್ ಗೋಪುರವಂತೂ ಗಂಟೆಗಟ್ಟಲೆ ಮೊದಲೇ ಕಣ್ಣಿಗೆ ಬೀಳುತ್ತದೆ. ನನಗೆ ಅದಕ್ಕಿಂತ ಮನಸ್ಸಿಗೆ ನಾಟಿದ್ದು ಸ್ವಲ್ಪ ದೂರದ ವ್ಲಾಡ್ಸ್ಲೊದ ಜರ್ಮನ್ ಸಮಾಧಿಭೂಮಿ. ಓಕ್ ಮರಗಳ ನೆರಳಿನಲ್ಲಿ, ನೆಲಕ್ಕೆ ಹಾಸಿದ ಚಪ್ಪಟೆ ಕಲ್ಲುಗಳ ಕೆಳಗೆ 25,000ಕ್ಕೂ ಹೆಚ್ಚು ಮಂದಿ ಮಲಗಿದ್ದಾರೆ. ಅಲ್ಲಿ ಶಿಲ್ಪಿ ಕೇಥೆ ಕೊಲ್ವಿಟ್ಜ್ ಕಡೆದ ತಂದೆ ತಾಯಿಯರ ಎರಡು ಮೂರ್ತಿಗಳು ಮೊಣಕಾಲೂರಿ ಕುಳಿತಿವೆ. 1914ರ ಅಕ್ಟೋಬರಿನಲ್ಲಿ ಇದೇ ಆಸುಪಾಸಿನಲ್ಲಿ ಸತ್ತ ಆಕೆಯ ಮಗ ಪೀಟರನಿಗೆ ಆಗ ವಯಸ್ಸು 18. ತಂದೆಯ ಮೂರ್ತಿ ದಿಟ್ಟಿಸುವ ಕಲ್ಲಿನಲ್ಲಿ ಅವನ ಹೆಸರೂ ಇದೆ.

ಡಿಕ್ಸ್‌ಮೌಡೆಯಿಂದ ಈಪರ್ ನಗರಕ್ಕೆ ನದಿಯ ದಂಡೆಯನ್ನೂ ಆಮೇಲೆ ಕಾಲುವೆಯ ದಂಡೆಯನ್ನೂ ಹಿಡಿದು ಹೋಗಬಹುದು. ಹಿಂದೆ ಕುದುರೆಗಳು ಹಗ್ಗ ಕಟ್ಟಿ ದೋಣಿಗಳನ್ನು ಎಳೆಯುತ್ತಿದ್ದ ಹಾದಿ ಅದು. ಈ ಕಾಲುವೆಯ ಸ್ಟೀನ್‌ಸ್ಟ್ರಾಟೆ ಸೇತುವೆಯ ಬಳಿ, 1915ರ ಏಪ್ರಿಲ್ 22ರ ಸಂಜೆ, ಜರ್ಮನ್ನರು ಸಿಲಿಂಡರುಗಳ ಬಾಯಿ ತೆರೆದು ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟರು. ಇಲ್ಲಿಯೂ ಮಟ್ಟದ ಮಾತೇ ಬರುತ್ತದೆ: ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದದ್ದರಿಂದ ಅದು ನೀರಿನಂತೆ ತಗ್ಗನ್ನು ಹುಡುಕುತ್ತದೆ. ಗುಂಡಿನಿಂದ ಪಾರಾಗಲು ತೋಡಿಕೊಂಡ ಕಂದಕಗಳಲ್ಲೇ ಅದು ಹೋಗಿ ತುಂಬಿತು. ನಾಲ್ಕು ದಿನಗಳ ಬಳಿಕ, ಏಪ್ರಿಲ್ 26ರಂದು, ಈಪರ್‌ನ ಉತ್ತರದಲ್ಲಿ ಪ್ರತಿದಾಳಿಗೆ ಕಳಿಸಿದ್ದು ಭಾರತೀಯ ಸೈನ್ಯದ ಲಾಹೋರ್ ವಿಭಾಗವನ್ನು. ಅವರ ಮೇಲೂ ಅನಿಲ ಬಂತು. ಗಾಯಗೊಂಡ ಅಧಿಕಾರಿಗಳನ್ನು ಗುಂಡಿನ ಮಳೆಯಲ್ಲಿ ಹೊತ್ತು ತಂದ ಜಮಾದಾರ ಮೀರ್ ದಸ್ತ್‌ಗೆ ಆ ದಿನದ ಸಾಹಸಕ್ಕಾಗಿ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಅದಕ್ಕೂ ಮೊದಲು, 1914ರ ಅಕ್ಟೋಬರ್ 31ರಂದು, ಈಪರ್‌ನ ದಕ್ಷಿಣದ ಹಾಲೆಬೆಕೆಯಲ್ಲಿ ಸಿಪಾಯಿ ಖುದಾದಾದ್ ಖಾನ್ ಜೊತೆಗಾರರೆಲ್ಲ ಬಿದ್ದ ಮೇಲೂ ಮೆಷಿನ್ ಗನ್ ಬಿಡದೆ ನಿಂತು, ಆ ಪದಕ ಪಡೆದ ಮೊದಲ ಭಾರತೀಯ ಸೈನಿಕನಾಗಿದ್ದ. ಈಪರ್‌ನ ಮೆನಿನ್ ದ್ವಾರದಲ್ಲಿ ಸಮಾಧಿಯೇ ಸಿಗದ 54,000ಕ್ಕೂ ಮಿಕ್ಕಿದವರ ಹೆಸರುಗಳನ್ನು ಕೊರೆದಿದ್ದಾರೆ. ಅವುಗಳಲ್ಲಿ 400ಕ್ಕೂ ಹೆಚ್ಚು ಹೆಸರುಗಳು ಭಾರತೀಯರವು. ಪ್ರತಿದಿನ ರಾತ್ರಿ 8 ಗಂಟೆಗೆ ಅಲ್ಲಿ ವಾಹನಗಳನ್ನು ತಡೆದು ಕಹಳೆ ಊದುತ್ತಾರೆ.

ಕನ್ನಡ ನಾಡಿನವರು ಇಲ್ಲಿ ಹೋರಾಡಿದರೇ ಎಂದು ಕೇಳುವವರಿದ್ದಾರೆ. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ 1918ರಲ್ಲಿ ಹೆಸರು ಮಾಡಿದ್ದು ಪ್ಯಾಲೆಸ್ಟೈನಿನ ಹೈಫಾದಲ್ಲಿ, ಫ್ಲಾಂಡರ್ಸಿನಲ್ಲಲ್ಲ. ಆದರೆ ನಮ್ಮ ಊರಿನ ಹೆಸರು ಮಾತ್ರ ಈ ಪಶ್ಚಿಮ ರಣರೇಖೆಗೂ ಬಂತು. 1912ರಲ್ಲಿ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ದಳದಲ್ಲಿದ್ದ ಕ್ಯಾಪ್ಟನ್ ಮೆಕ್ಲಿಂಟಾಕ್ ರೂಪಿಸಿದ, ತುಂಡಿಗೆ ತುಂಡು ಜೋಡಿಸಿ ಮುಂದಕ್ಕೆ ತಳ್ಳುವ ಸಿಡಿಮದ್ದಿನ ಕೊಳವೆಯನ್ನು ಮುಳ್ಳುತಂತಿಯ ಬೇಲಿ ಒಡೆಯಲು ಬಳಸಿದರು. ಅದನ್ನು ಜಗತ್ತಿನ ಸೈನ್ಯಗಳು ಇಂದಿಗೂ ಬೆಂಗಳೂರ್ ಟಾರ್ಪಿಡೊ ಎಂದೇ ಕರೆಯುತ್ತವೆ.

ಈಪರ್‌ನ ಪೂರ್ವಕ್ಕೆ ಪಾಸೆನ್‌ಡಾಲೆ ಹಳ್ಳಿಯಿರುವ ದಿಣ್ಣೆಯಿದೆ. ಅಲ್ಲಿಗೆ ಹೋಗುವಾಗ ಕೆಲವು ಮೈಲಿ ಕಾರುಗಳ ಸಹವಾಸ ತಪ್ಪದು. ಉತ್ತ ಹೊಲಗಳಲ್ಲಿ ಇಂದಿಗೂ ಸಿಡಿಯದ ಗುಂಡುಗಳು ಮೇಲೆ ಬರುತ್ತವೆ. ರೈತರು ಅವನ್ನು ರಸ್ತೆಯ ಬದಿಗೆ ತಂದಿಟ್ಟು ಸೈನ್ಯದವರಿಗೆ ತಿಳಿಸುತ್ತಾರೆ. ಸೈಕಲ್ ನಿಲ್ಲಿಸಿ ಮುಟ್ಟಿ ನೋಡುವ ವಸ್ತು ಅದಲ್ಲ. ದಿಣ್ಣೆಯ ಎತ್ತರ ಸಮುದ್ರಮಟ್ಟದಿಂದ 50 ಮೀಟರಿನ ಆಸುಪಾಸು, ನಮ್ಮ ಲೆಕ್ಕದಲ್ಲಿ ಗುಡ್ಡವೇ ಅಲ್ಲ. 1917ರ ಜುಲೈ 31ರಿಂದ ನವೆಂಬರ್ 10ರವರೆಗೆ ಬ್ರಿಟಿಷ್ ಸಾಮ್ರಾಜ್ಯದ ಸೈನ್ಯ ಕೆಸರಿನಲ್ಲಿ ಹೂತು ಹೂತು ಏರಿದ್ದು ಇದನ್ನೇ. ಇಳಿಜಾರಿನ ಟೈನ್ ಕಾಟ್ ಸಮಾಧಿಭೂಮಿಯಲ್ಲಿ ಸುಮಾರು 12,000 ಬಿಳಿಯ ಕಲ್ಲುಗಳಿದ್ದು, ಅವುಗಳಲ್ಲಿ 8,000ಕ್ಕೂ ಹೆಚ್ಚಿನವುಗಳ ಮೇಲೆ ಹೆಸರಿಲ್ಲ.

ಅಲ್ಲಿ ನಿಂತು ಹಿಂತಿರುಗಿ ನೋಡಿದರೆ ಈಪರ್‌ನ ಗೋಪುರಗಳು ಅಂಗೈಯಲ್ಲಿಟ್ಟಂತೆ ಕಾಣುತ್ತವೆ. ಫಿರಂಗಿಯವನಿಗೂ ಹಾಗೆಯೇ ಕಂಡಿರಬೇಕು. ಸಂಜೆ ನಾನು ಊರಿನ ಕಡೆಗೆ ಸೈಕಲ್ ತಿರುಗಿಸಿದೆ. ಎದುರುಗಾಳಿ ಇದ್ದೇ ಇತ್ತು. ಆದರೂ ಮೂರು ದಿನಗಳಲ್ಲಿ ಮೊದಲ ಬಾರಿಗೆ ಪೆಡಲ್ ತುಳಿಯದೆಯೇ ಗಾಲಿಗಳು ತಾವಾಗಿ ಉರುಳತೊಡಗಿದವು.