ಲೇಮನ್ ಮುಳುಗಿದ ವಾರ, ಮೆಕೇನ್ ಮೇಲಿನ ನನ್ನ ಸಿಟ್ಟು

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ 2008ರ ಅಮೆರಿಕದ ಚುನಾವಣೆ ಮತ್ತು ಆರ್ಥಿಕ ಕುಸಿತ. ಒಂದು ಸಂಜೆಗೆ ಅದು ಜಾಸ್ತಿಯಾಯಿತು. ಹಾಗಾಗಿ ಅದರಲ್ಲಿ ಎರಡು ವಾರ ಮಾತ್ರ ತೆಗೆದುಕೊಳ್ಳುತ್ತೇನೆ, ಸೆಪ್ಟೆಂಬರ್ 15ರಿಂದ 29ರವರೆಗೆ. ಅದರಲ್ಲೂ ಒಬ್ಬರ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ. ಅವರು ಜಾನ್ ಮೆಕೇನ್, ಆ ವರ್ಷ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತವರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಇಲ್ಲಿ ತಟಸ್ಥನಾಗಿ ನಿಂತಿಲ್ಲ. ಆಗ ನಾನು ನ್ಯೂಜೆರ್ಸಿಯಲ್ಲಿ ಒಂದು ವಿಮಾ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಅಲ್ಲಿನ ಪೌರತ್ವ ಪಡೆದ ಮೇಲೆ ಬಂದ ಮೊದಲ ಅಧ್ಯಕ್ಷೀಯ ಚುನಾವಣೆ ಅದು. ನಾನು ಲಿಬರಲ್. ಒಬಾಮಾಗೆ ಮತ ಹಾಕಬೇಕು ಅಂತ ಬೇಸಿಗೆಯಲ್ಲೇ ತೀರ್ಮಾನ ಆಗಿತ್ತು. ನ್ಯೂಜೆರ್ಸಿ ಹೇಗಿದ್ದರೂ ಡೆಮಾಕ್ರಟರ ರಾಜ್ಯ, ಅಲ್ಲಿ ನನ್ನ ಒಂದು ಮತದ ತೂಕ ಅಷ್ಟಕ್ಕಷ್ಟೇ. ಹಾಗಿದ್ದ ಮೇಲೆ ಎದುರಿನ ಅಭ್ಯರ್ಥಿ ಏನು ಮಾಡಿದರೆ ನನಗೇನು, ಅಲ್ವಾ? ಆದರೂ ಆ ಎರಡು ವಾರ ಟಿವಿ ಮುಂದೆ ಕೂತು ನಾನು ಒದ್ದಾಡಿದ್ದು ಮೆಕೇನ್ ಅವರನ್ನು ನೋಡಿಯೇ.

ಕಾರಣ ಇದೆ. ಮೆಕೇನ್ ಬಗ್ಗೆ ನಮ್ಮಂಥವರಿಗೂ ಗೌರವ ಇತ್ತು. ವಿಯೆಟ್ನಾಮಿನಲ್ಲಿ ಐದೂವರೆ ವರ್ಷ ಯುದ್ಧಕೈದಿಯಾಗಿದ್ದವರು. ಸರದಿ ತಪ್ಪಿಸಿ ಮೊದಲು ಬಿಡುಗಡೆ ಮಾಡುತ್ತೇವೆ ಅಂದಾಗ ಒಪ್ಪದವರು. ಚುನಾವಣೆಯಲ್ಲಿ ಹರಿಯುವ ದುಡ್ಡಿಗೆ ಕಡಿವಾಣ ಹಾಕಲು ಡೆಮಾಕ್ರಟ್ ಸೆನೆಟರ್ ಫೈನ್‌ಗೋಲ್ಡ್ ಜೊತೆ ಸೇರಿ 2002ರಲ್ಲಿ ಕಾಯ್ದೆ ತಂದವರು. ಬುಷ್ 2001ರಲ್ಲಿ ತೆರಿಗೆ ಇಳಿಸಿದಾಗ, ಇದರ ಲಾಭ ಉಳ್ಳವರಿಗೇ ಜಾಸ್ತಿ ಹೋಗುತ್ತದೆ ಅಂತ ಸ್ವಂತ ಪಕ್ಷದ ವಿರುದ್ಧ ಮತ ಹಾಕಿದರು. 2003ರಲ್ಲೂ ಹಾಗೇ ಮಾಡಿದರು. 2008ಕ್ಕೆ ಬರುವಷ್ಟರಲ್ಲಿ ಅದೇ ತೆರಿಗೆ ಕಡಿತವನ್ನು ಕಾಯಂ ಮಾಡಬೇಕು ಅನ್ನುತ್ತಿದ್ದರು. ನನಗೆ ಮೊದಲು ಕಸಿವಿಸಿಯಾದದ್ದು ಅಲ್ಲಿ.

ಈಗ ಸೆಪ್ಟೆಂಬರ್ 15ಕ್ಕೆ ಬರೋಣ. ಅವತ್ತು ಸೋಮವಾರ. 158 ವರ್ಷದ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಅದರ ಲೆಕ್ಕಪತ್ರದಲ್ಲಿದ್ದ ಆಸ್ತಿ 60,000 ಕೋಟಿ ಡಾಲರಿಗೂ ಮೇಲೆ. ಅಮೆರಿಕದ ಇತಿಹಾಸದಲ್ಲಿ ಅಷ್ಟು ದೊಡ್ಡ ದಿವಾಳಿ ಅದುವರೆಗೆ ಆಗಿರಲಿಲ್ಲ. ಅಂಥದೇ ಇನ್ನೊಂದು ಬ್ಯಾಂಕು ಮೆರಿಲ್ ಲಿಂಚ್ ತಾನೂ ಮುಳುಗುವ ಭಯದಲ್ಲಿ ಬ್ಯಾಂಕ್ ಆಫ್ ಅಮೆರಿಕಕ್ಕೆ ತನ್ನನ್ನು ಮಾರಿಕೊಂಡಿತು. ಷೇರುಪೇಟೆಯ ಡೌ ಸೂಚ್ಯಂಕ 500 ಅಂಕಕ್ಕಿಂತ ಹೆಚ್ಚು ಬಿತ್ತು. ಅದೇ ದಿನ ಬೆಳಿಗ್ಗೆ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ ಮೆಕೇನ್ ಭಾಷಣ ಮಾಡಿದರು. ನಮ್ಮ ಆರ್ಥಿಕತೆಯ ಬುನಾದಿ ಈಗಲೂ ಗಟ್ಟಿಯಾಗಿದೆ ಅಂದರು.

ನ್ಯಾಯವಾಗಿ ಹೇಳಬೇಕೆಂದರೆ, ಜನ ಹೆದರಿದ್ದಾರೆ, ಇದು ತುಂಬಾ ಕಷ್ಟದ ಕಾಲ ಅಂತಲೂ ಅದೇ ಉಸಿರಿನಲ್ಲಿ ಹೇಳಿದ್ದರು. ಟಿವಿಯವರು ಆ ಭಾಗ ಬಿಟ್ಟು ಬರೀ 'ಬುನಾದಿ ಗಟ್ಟಿ' ಅನ್ನುವುದನ್ನೇ ದಿನವಿಡೀ ತೋರಿಸಿದರು. ಅದು ಸರಿಯಲ್ಲ. ಆದರೆ ಸಂಜೆಯೊಳಗೆ ಮೆಕೇನ್ ಕೊಟ್ಟ ವಿವರಣೆ ಇನ್ನೂ ವಿಚಿತ್ರವಾಗಿತ್ತು. ಬುನಾದಿ ಅಂದರೆ ಅಮೆರಿಕದ ದುಡಿಯುವ ಜನ, ಅವರು ಗಟ್ಟಿ ಅಂತ ನಾನು ಹೇಳಿದ್ದು ಅಂದರು! ದುಡಿಯುವ ಜನ ಗಟ್ಟಿಯೇ. ಆದರೆ ಆ ತಿಂಗಳು ಅವರಲ್ಲಿ ನೂರಕ್ಕೆ ಆರು ಜನಕ್ಕೆ ಕೆಲಸ ಇರಲಿಲ್ಲ. ಒಂದು ವರ್ಷದಲ್ಲಿ ಅದು ನೂರಕ್ಕೆ ಹತ್ತಾಯಿತು.

ಮಾರನೆಯ ದಿನ ಎಐಜಿ ಎಂಬ ದೊಡ್ಡ ವಿಮಾ ಕಂಪನಿಯ ಸರದಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬ್ಯಾಂಕುಗಳು ತೀರಿಸಲಾಗದವರಿಗೂ ಮನೆ ಸಾಲ ಕೊಟ್ಟವು. ಆ ಸಾಲಗಳನ್ನೆಲ್ಲ ಒಟ್ಟುಗೂಡಿಸಿ, ಚೂರು ಮಾಡಿ, ಬಾಂಡುಗಳ ರೂಪದಲ್ಲಿ ಜಗತ್ತಿಗೆಲ್ಲ ಮಾರಿದವು. ಕೊಂಡವರಿಗೆ ಒಂದು ಅನುಮಾನ, ಸಾಲ ವಾಪಸು ಬರದಿದ್ದರೆ? ಆಗ ಎಐಜಿ ಮುಂದೆ ಬಂದು, ಬರದಿದ್ದರೆ ನಾನು ಕೊಡುತ್ತೇನೆ ಅಂತ ಒಪ್ಪಂದ ಮಾಡಿಕೊಂಡಿತು. ಅದಕ್ಕೆ ಶುಲ್ಕ ತೆಗೆದುಕೊಂಡಿತು. ಊರಿನ ಎಲ್ಲರ ಸಾಲಕ್ಕೂ ಒಬ್ಬನೇ ಜಾಮೀನು ಹಾಕಿದ ಹಾಗೆ. ವಿಮಾ ಕಂಪನಿ ಮಾಮೂಲಿ ವಿಮೆ ಮಾರಿದರೆ ಇಷ್ಟು ಹಣ ಮೀಸಲಿಡಬೇಕು ಅಂತ ಕಾನೂನು ಇದೆ. ನಾನು ಕೆಲಸ ಮಾಡುತ್ತಿದ್ದ ಕಡೆ ಆ ಲೆಕ್ಕ ಒಪ್ಪಿಸುವುದೇ ಒಂದು ದೊಡ್ಡ ಕೆಲಸವಾಗಿತ್ತು. ಈ ಒಪ್ಪಂದಗಳಿಗೆ ಮಾತ್ರ ಅಂಥ ಯಾವ ನಿಯಮವೂ ಇರಲಿಲ್ಲ. 2000ದಲ್ಲಿ ಬಂದ ಒಂದು ಕಾಯ್ದೆ ಅವನ್ನು ಮೇಲ್ವಿಚಾರಣೆಯಿಂದ ಹೊರಗಿಟ್ಟಿತ್ತು. ಅದರ ಹಿಂದೆ ಇದ್ದವರಲ್ಲಿ ಮುಖ್ಯರು ಟೆಕ್ಸಾಸಿನ ಸೆನೆಟರ್ ಫಿಲ್ ಗ್ರಾಮ್. 2008ರಲ್ಲಿ ಮೆಕೇನ್ ಅವರ ಆರ್ಥಿಕ ಸಲಹೆಗಾರರಾಗಿದ್ದವರೂ ಇವರೇ. ಅಮೆರಿಕದವರು ಗೋಳು ಹೇಳಿಕೊಳ್ಳುವ ಜನ, ಹಿಂಜರಿತ ಇರುವುದು ಅವರ ಮನಸ್ಸಿನಲ್ಲಿ ಅಂತ ಜುಲೈನಲ್ಲಿ ಹೇಳಿ ಸಲಹೆಗಾರರ ಸ್ಥಾನ ಕಳೆದುಕೊಂಡರು.

ಆ ಕಾಯ್ದೆಗೆ ಸಹಿ ಹಾಕಿದ್ದು ಕ್ಲಿಂಟನ್. ಡೆಮಾಕ್ರಟ್ ಅಧ್ಯಕ್ಷ. ಬ್ಯಾಂಕು ಮತ್ತು ಷೇರು ದಲ್ಲಾಳಿ ವ್ಯವಹಾರದ ನಡುವಿನ 1933ರ ಗೋಡೆ ಕೆಡವಿದ 1999ರ ಕಾಯ್ದೆಗೂ ಅವರದೇ ಸಹಿ. ಇದನ್ನು ನಮ್ಮ ಲಿಬರಲ್ ಗೆಳೆಯರು ಮೆಲ್ಲಗೆ ಮರೆಯುತ್ತಾರೆ. ನಿಯಂತ್ರಣ ಸಡಿಲಿಸಿದ ಪಾಪದಲ್ಲಿ ಎರಡು ಪಕ್ಷಕ್ಕೂ ಪಾಲಿದೆ.

ಮತ್ತೆ ಮೆಕೇನ್. ಮಂಗಳವಾರ ಬೆಳಿಗ್ಗೆ ಟಿವಿಯಲ್ಲಿ, ಎಐಜಿಯನ್ನು ತೆರಿಗೆದಾರರ ಹಣದಿಂದ ಉಳಿಸಬಾರದು ಅಂದರು. ರಾತ್ರಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 8,500 ಕೋಟಿ ಡಾಲರ್ ಸಾಲ ಕೊಟ್ಟು, ಶೇ. 79.9 ಪಾಲು ತೆಗೆದುಕೊಂಡಿತು. ಬುಧವಾರ ಮೆಕೇನ್, ಸರ್ಕಾರಕ್ಕೆ ಬೇರೆ ದಾರಿ ಇರಲಿಲ್ಲ ಅಂದರು. ಗುರುವಾರ ಅಯೋವಾದಲ್ಲಿ, ನಾನು ಅಧ್ಯಕ್ಷನಾಗಿದ್ದರೆ ಷೇರುಪೇಟೆ ನಿಯಂತ್ರಕರ ಮುಖ್ಯಸ್ಥ ಕ್ರಿಸ್ ಕಾಕ್ಸ್ ಅವರನ್ನು ಕಿತ್ತುಹಾಕುತ್ತಿದ್ದೆ ಅಂತ ಗುಡುಗಿದರು. ಕಾಕ್ಸ್ ಮೆಕೇನ್ ಅವರದೇ ಪಕ್ಷದ ಹಳೆಯ ಸಂಸದ. ವಾಲ್ ಸ್ಟ್ರೀಟಿನ ದುರಾಸೆ, ನಿಯಂತ್ರಕರ ನಿದ್ದೆ ಅಂತ ಅವರು ಬೈಯುವುದನ್ನು ಕೇಳಿದರೆ ಯಾರೋ ಹಳೇ ಸಮಾಜವಾದಿ ಮಾತಾಡುತ್ತಿದ್ದಾರೆ ಅನ್ನಿಸಬೇಕು. ಆದರೆ ವಿಮಾ ಲೆಕ್ಕಿಗರ ಸಂಘದ ಪತ್ರಿಕೆಯಲ್ಲಿ ಅದೇ ಸೆಪ್ಟೆಂಬರಿನ ಸಂಚಿಕೆಗೆ ಅವರ ಹೆಸರಿನಲ್ಲಿ ಒಂದು ಲೇಖನ ಬಂದಿತ್ತು. ಕಳೆದ ಹತ್ತು ವರ್ಷದಲ್ಲಿ ಬ್ಯಾಂಕಿಂಗ್‌ನಲ್ಲಿ ಮಾಡಿದ ಹಾಗೆ ಆರೋಗ್ಯ ವಿಮೆಯಲ್ಲೂ ಸ್ಪರ್ಧೆಗೆ ಬಾಗಿಲು ತೆರೆಯಬೇಕು ಅಂತ ಅದರಲ್ಲಿತ್ತು. ಬ್ಯಾಂಕಿಂಗ್‌ನಲ್ಲಿ ಮಾಡಿದ ಹಾಗೆ! ವಿಮಾ ಕಂಪನಿಯಲ್ಲಿ ಕೂತವನಿಗೆ ಇದನ್ನು ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನನ್ನ ಸಿಟ್ಟು ಇಲ್ಲಿದೆ ನೋಡಿ. ಅವರು ಕನ್ಸರ್ವೇಟಿವ್ ಅಂತ ನನಗೆ ಸಿಟ್ಟಿರಲಿಲ್ಲ. 26 ವರ್ಷ ಸಂಸತ್ತಿನಲ್ಲಿದ್ದು, ಸರ್ಕಾರ ಮಾರುಕಟ್ಟೆಯ ವ್ಯವಹಾರದಲ್ಲಿ ಕೈ ಹಾಕಬಾರದು ಅಂತ ನಂಬಿದ ಮನುಷ್ಯ. ಆ ನಂಬಿಕೆಗೆ ದೊಡ್ಡ ಪರೀಕ್ಷೆ ಬಂದ ವಾರದಲ್ಲಿ ಎರಡರಲ್ಲಿ ಒಂದು ಮಾಡಬಹುದಿತ್ತು. ನಂಬಿಕೆಗೆ ಅಂಟಿಕೊಂಡು, ಮುಳುಗುವವರು ಮುಳುಗಲಿ ಅನ್ನಬಹುದಿತ್ತು. ಇಲ್ಲವೇ, ಇಂಥ ಕಡೆ ನನ್ನ ಲೆಕ್ಕ ಕೈಕೊಟ್ಟಿತು, ಈಗ ಹೀಗೆ ಮಾಡೋಣ ಅನ್ನಬಹುದಿತ್ತು. ಅವರ ಹತ್ತಿರ ಸರಕು ಇರಲಿಲ್ಲ ಅಂತಲ್ಲ. ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಗೃಹಸಾಲ ಸಂಸ್ಥೆಗಳ ಮೇಲೆ ಬಿಗಿ ಹಿಡಿತ ಬೇಕು ಅನ್ನುವ ಮಸೂದೆಗೆ 2006ರಲ್ಲೇ ಅವರು ಕೈಜೋಡಿಸಿದ್ದರು. ಅದನ್ನು ಹಿಡಿದು ವಾದ ಕಟ್ಟಿದ್ದರೆ ನಮ್ಮ ಕಡೆಯವರು ಉತ್ತರ ಕೊಡಲು ತಡಕಾಡಬೇಕಾಗುತ್ತಿತ್ತು. ಅವರು ಅದೊಂದನ್ನೂ ಮಾಡಲಿಲ್ಲ. ದಿನಕ್ಕೊಂದು ಮಾತು, ದಿನಕ್ಕೊಬ್ಬ ವೈರಿ.

ಬರೀ ಮಾತಾಗಿದ್ದರೆ ಮರೆಯಬಹುದಿತ್ತು. 24ರ ಬುಧವಾರ ಅದು ನಾಟಕಕ್ಕೆ ಹೋಯಿತು. ಅಷ್ಟರಲ್ಲಿ ಹಣಕಾಸು ಸಚಿವ ಹೆನ್ರಿ ಪಾಲ್ಸನ್ ಸಂಸತ್ತಿನ ಮುಂದೆ ಮೂರು ಪುಟದ ಒಂದು ಪ್ರಸ್ತಾವ ಇಟ್ಟಿದ್ದರು. 70,000 ಕೋಟಿ ಡಾಲರ್ ಕೊಡಿ, ಕೆಟ್ಟ ಸಾಲಗಳನ್ನು ಕೊಳ್ಳುತ್ತೇನೆ, ನನ್ನ ತೀರ್ಮಾನವನ್ನು ಕೋರ್ಟು ಕೂಡ ಪ್ರಶ್ನಿಸಬಾರದು. ಇದರ ಮೇಲೆ ಚೌಕಾಸಿ ನಡೆಯುತ್ತಿತ್ತು. ಆ ಬೆಳಿಗ್ಗೆ ಒಬಾಮಾ ಫೋನ್ ಮಾಡಿ, ಇಬ್ಬರೂ ಸೇರಿ ಒಂದು ಹೇಳಿಕೆ ಕೊಡೋಣ ಅಂದಿದ್ದರು. ಮಧ್ಯಾಹ್ನ ಮೆಕೇನ್ ಕ್ಯಾಮೆರಾ ಮುಂದೆ ಬಂದು, ಪ್ರಚಾರ ನಿಲ್ಲಿಸಿ ವಾಷಿಂಗ್ಟನ್‌ಗೆ ಹೋಗುತ್ತೇನೆ, ಶುಕ್ರವಾರದ ಮೊದಲ ಚರ್ಚೆ ಮುಂದಕ್ಕೆ ಹೋಗಲಿ ಅಂದರು. ಅಧ್ಯಕ್ಷನಾಗುವವನು ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಕೆಲಸ ನೋಡಬೇಕಾಗುತ್ತದೆ ಅಂತ ಒಬಾಮಾ ತಣ್ಣಗೆ ಉತ್ತರ ಕೊಟ್ಟರು.

ಆ ರಾತ್ರಿ ಟಿವಿಯ ಹಾಸ್ಯಗಾರ ಡೇವಿಡ್ ಲೆಟರ್‌ಮನ್ ಶೋಗೆ ಮೆಕೇನ್ ಬರಬೇಕಿತ್ತು. ತುರ್ತಾಗಿ ವಾಷಿಂಗ್ಟನ್‌ಗೆ ಹೊರಟಿದ್ದೇನೆ ಅಂತ ರದ್ದು ಮಾಡಿದರು. ಲೆಟರ್‌ಮನ್ ತಮ್ಮ ಶೋ ನಡೆಸುತ್ತಿರುವಾಗಲೇ, ಅದೇ ವಾಹಿನಿಯ ಇನ್ನೊಂದು ಸ್ಟುಡಿಯೋದಲ್ಲಿ ಮೆಕೇನ್ ಸಂದರ್ಶನಕ್ಕೆ ಮೇಕಪ್ ಹಾಕಿಸಿಕೊಳ್ಳುತ್ತಿರುವ ದೃಶ್ಯ ಸಿಕ್ಕಿತು. ಅದನ್ನೇ ತೋರಿಸಿ ಆಡಿಕೊಂಡರು. ನಿಜವಾಗಿ ಮೆಕೇನ್ ನ್ಯೂಯಾರ್ಕ್ ಬಿಟ್ಟಿದ್ದು ಮಾರನೆಯ ದಿನ, ಇನ್ನೊಂದು ಸಭೆಯಲ್ಲಿ ಭಾಷಣ ಮುಗಿಸಿಕೊಂಡು.

ವಾಷಿಂಗ್ಟನ್‌ಗೆ ಹೋಗಿ ಮಾಡಿದ್ದೇನು? 25ರ ಮಧ್ಯಾಹ್ನ ಶ್ವೇತಭವನದಲ್ಲಿ ಬುಷ್ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿದರು. ಆ ಸಭೆ ಬೇಕು ಅಂತ ಕೇಳಿದ್ದು ಮೆಕೇನ್ ಅವರೇ. ಡೆಮಾಕ್ರಟರ ಪರವಾಗಿ ಒಬಾಮಾ ಮಾತಾಡಿದರು. ಮೆಕೇನ್ ಬಹಳ ಹೊತ್ತು ಸುಮ್ಮನೆ ಕೂತಿದ್ದರು ಅಂತ ಅಲ್ಲಿದ್ದ ಎರಡೂ ಪಕ್ಷದವರು ಆಮೇಲೆ ಹೇಳಿದ್ದಾರೆ. ಕೊನೆಗೆ ಮಾತಾಡಿದಾಗಲೂ ಈ ಯೋಜನೆಗೆ ನಾನು ಪರವೋ ವಿರುದ್ಧವೋ ಅಂತ ಹೇಳಲಿಲ್ಲ. ಹಣ ಹರಿಯದಿದ್ದರೆ ಇದೆಲ್ಲ ಕುಸಿದು ಬೀಳುತ್ತದೆ ಅಂತ ಬುಷ್ ಎಚ್ಚರಿಸಿದರು. ಸಭೆ ಜಗಳದಲ್ಲಿ ಮುಗಿಯಿತು. ಒಪ್ಪಂದ ಮುರಿಯಬೇಡಿ ಅಂತ ಪಾಲ್ಸನ್ ಕೆಳಮನೆಯ ಡೆಮಾಕ್ರಟ್ ಸ್ಪೀಕರ್ ನ್ಯಾನ್ಸಿ ಪೆಲೋಸಿ ಅವರ ಮುಂದೆ ಮೊಣಕಾಲೂರಿದರು. ಆ ರಾತ್ರಿಯೇ ವಾಷಿಂಗ್ಟನ್ ಮ್ಯೂಚುವಲ್ ಮುಚ್ಚಿತು. ಅಮೆರಿಕದಲ್ಲಿ ಮುಳುಗಿದ ಅತಿ ದೊಡ್ಡ ಬ್ಯಾಂಕು ಅದು. ಶುಕ್ರವಾರ, ಯಾವ ಒಪ್ಪಂದವೂ ಆಗದಿದ್ದರೂ, ಮೆಕೇನ್ ಮಿಸಿಸಿಪಿಗೆ ಹಾರಿ ಚರ್ಚೆಯಲ್ಲಿ ನಿಂತರು. ಹಾಗಾದರೆ ನಿಲ್ಲಿಸಿದ್ದೇನು, ಶುರು ಮಾಡಿದ್ದೇನು? ನನ್ನ ಹೆಂಡತಿ ರಾಜಕೀಯಕ್ಕೆ ತಲೆ ಕೆಡಿಸಿಕೊಳ್ಳುವವಳಲ್ಲ. "ಇವರು ಬಂದು ಹೋಗಿದ್ದರಿಂದ ಯಾರಿಗೇನಾಯ್ತು?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

29ರಂದು ಕೆಳಮನೆ ಪಾಲ್ಸನ್ ಯೋಜನೆಯ ಮಸೂದೆಯನ್ನು 228–205ರಲ್ಲಿ ಬೀಳಿಸಿತು. ಡೌ ಒಂದೇ ದಿನ 778 ಅಂಕ ಕುಸಿಯಿತು. ವಿರುದ್ಧ ಮತ ಹಾಕಿದವರಲ್ಲಿ 133 ಜನ ರಿಪಬ್ಲಿಕನ್ನರು, 95 ಜನ ಡೆಮಾಕ್ರಟರು. ಆ ದಿನ ಆಫೀಸಿನಲ್ಲಿ ಎಲ್ಲರೂ ತಮ್ಮ ನಿವೃತ್ತಿ ಖಾತೆಯ ಪುಟ ತೆರೆದು ಮುಚ್ಚುತ್ತಿದ್ದರು. ನಾನೂ ಅದನ್ನೇ ಮಾಡುತ್ತಿದ್ದೆ. ಆ 133 ಜನರ ಮೇಲೆ ನನಗೆ ಕೋಪ ಬರಬೇಕಿತ್ತು. ಬಂತು ಕೂಡ. ಆದರೂ ಅವರಲ್ಲಿ ಹಲವರ ಮಾತಿಗೆ ಒಂದು ನೇರ ಇತ್ತು. ಲಾಭ ಬಂದಾಗ ನಿಮ್ಮದು, ನಷ್ಟ ಬಂದಾಗ ನಮ್ಮದಾ ಅಂತ ಕೇಳುತ್ತಿದ್ದರು. ಅದೇ ಪ್ರಶ್ನೆಯನ್ನು ಎಡಗಡೆಯವರೂ ಕೇಳುತ್ತಿದ್ದರು. ನನಗೆ ಒಪ್ಪಿಗೆಯಿಲ್ಲದ ಉತ್ತರವನ್ನು ಅವರು ನೇರವಾಗಿ ಕೊಟ್ಟರು. ಅವರ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಅವರ ಜೊತೆಗೂ ನಿಲ್ಲಲಿಲ್ಲ, ಅವರನ್ನು ಒಪ್ಪಿಸಲೂ ಆಗಲಿಲ್ಲ.

ಇಲ್ಲಿ ನನ್ನಂಥವರಿಗೆ ಒಂದು ಇಕ್ಕಟ್ಟು ಇದೆ, ಅದನ್ನೂ ಹೇಳಬೇಕು. ಅಕ್ಟೋಬರ್ 1ರಂದು ಸೆನೆಟ್ ಮಸೂದೆಯನ್ನು 74–25ರಲ್ಲಿ ಪಾಸು ಮಾಡಿತು. ಮೆಕೇನ್ 'ಹೌದು' ಅಂದರು. ಒಬಾಮಾ ಕೂಡ 'ಹೌದು' ಅಂದರು. 3ರಂದು ಕೆಳಮನೆಯೂ ಒಪ್ಪಿತು, ಬುಷ್ ಸಹಿ ಹಾಕಿದರು. ಅಂದರೆ ಕೊನೆಗೆ ಇಬ್ಬರದೂ ಒಂದೇ ಮತ. ಹಾಗಿದ್ದ ಮೇಲೆ ನಿಮ್ಮದು ಬರೀ ಪಕ್ಷದ ಸಿಟ್ಟು ಅಲ್ವಾ ಅಂತ ನೀವು ಕೇಳಬಹುದು. ಒಂದಿಷ್ಟು ಹೌದು. ಆದರೆ ಬಿಕ್ಕಟ್ಟಿನಲ್ಲಿ ಜನ ನೋಡುವುದು ಕೊನೆಯ ಮತವನ್ನಷ್ಟೇ ಅಲ್ಲ, ಅಲ್ಲಿಗೆ ಹೋದ ದಾರಿಯನ್ನೂ ನೋಡುತ್ತಾರೆ. ಸೆಪ್ಟೆಂಬರ್ ಮೊದಲ ವಾರದ ರಿಪಬ್ಲಿಕನ್ ಪಕ್ಷದ ಸಮಾವೇಶ ಮುಗಿದಾಗ ಮೆಕೇನ್ ಹಲವು ಸಮೀಕ್ಷೆಗಳಲ್ಲಿ ಮುಂದಿದ್ದರು. ನವೆಂಬರ್ 4ರಂದು ಒಬಾಮಾಗೆ 365 ಎಲೆಕ್ಟೊರಲ್ ಮತ, ಮೆಕೇನ್‌ಗೆ 173.

ಈ ಬಿಕ್ಕಟ್ಟು ಇಲ್ಲಿಗೂ ಬಂತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ದೊಡ್ಡ ಗಿರಾಕಿಗಳು ಅಮೆರಿಕದ ಬ್ಯಾಂಕು, ವಿಮಾ ಕಂಪನಿಗಳೇ. ಆಫರ್ ಲೆಟರ್ ಹಿಡಿದು ತಿಂಗಳುಗಟ್ಟಲೆ ಕಾದವರು ಈ ಸಭೆಯಲ್ಲೂ ಇರಬಹುದು. 2009ರ ಫೆಬ್ರವರಿಯಲ್ಲಿ, ಸರ್ಕಾರದ ನೆರವು ಪಡೆದ ಬ್ಯಾಂಕುಗಳು ಎಚ್‌-1ಬಿ ವೀಸಾದವರನ್ನು ಹೊಸದಾಗಿ ತೆಗೆದುಕೊಳ್ಳಲು ಕಟ್ಟುನಿಟ್ಟಿನ ಷರತ್ತು ಬಂತು. ಅದನ್ನು ತಂದವರು ರಿಪಬ್ಲಿಕನ್ ಗ್ರಾಸ್ಲಿ ಮತ್ತು ನಾವು ಲಿಬರಲ್‌ಗಳು ತಲೆ ಮೇಲೆ ಹೊತ್ತು ಕುಣಿಯುವ ಬರ್ನಿ ಸ್ಯಾಂಡರ್ಸ್.

ಇನ್ನೊಂದು ವಿಷಯ ಹೇಳಿ ನಿಲ್ಲಿಸುತ್ತೇನೆ. ಅಕ್ಟೋಬರ್ 7ರ ನ್ಯಾಶ್‌ವಿಲ್ ಚರ್ಚೆಯಲ್ಲಿ ಮೆಕೇನ್ ಒಂದು ಹೊಸ ಮಾತು ಆಡಿದರು. 30,000 ಕೋಟಿ ಡಾಲರಿನಲ್ಲಿ ಸರ್ಕಾರವೇ ಕೆಟ್ಟ ಮನೆ ಸಾಲಗಳನ್ನು ಕೊಂಡು, ಮನೆಯ ಈಗಿನ ಬೆಲೆಗೆ ತಕ್ಕಂತೆ ಕಂತು ಇಳಿಸಿಕೊಡಲಿ ಅಂದರು. ನಾನು ಸೋಫಾದ ಮೇಲೆ ನೆಟ್ಟಗೆ ಕೂತೆ. ಮನೆ ಕಳೆದುಕೊಳ್ಳುವವರನ್ನು ನೇರವಾಗಿ ಹಿಡಿದೆತ್ತುವ ಯೋಜನೆ, ಅದೂ ಒಬ್ಬ ಕನ್ಸರ್ವೇಟಿವ್ ಬಾಯಲ್ಲಿ! ಮಾರನೆಯ ದಿನ ವಿವರ ಬಂತು. ಸಾಲವನ್ನು ಪೂರ್ತಿ ಮುಖಬೆಲೆಗೆ ಕೊಳ್ಳುವುದು, ನಷ್ಟ ತೆರಿಗೆದಾರರ ತಲೆಗೆ, ಅಡ್ಡಾದಿಡ್ಡಿ ಸಾಲ ಕೊಟ್ಟ ಬ್ಯಾಂಕಿಗೆ ಏನೂ ಇಲ್ಲ. ಅವರದೇ ಪಕ್ಷದವರು ಕೂಗಾಡಿದರು, ನಮ್ಮವರೂ ಕೂಗಾಡಿದರು. ಕೆಲವೇ ದಿನದಲ್ಲಿ ಆ ಮಾತಿಗಿಂತ ಒಬಾಮಾ ಅವರ ತೆರಿಗೆ ಯೋಜನೆಯನ್ನು ಪ್ರಶ್ನಿಸಿದ್ದ ಓಹಾಯೋದ ಒಬ್ಬ ಪ್ಲಂಬರ್ ಹೆಸರೇ ಅವರ ಬಾಯಲ್ಲಿ ಜಾಸ್ತಿ ಕೇಳತೊಡಗಿತು. ಗೆದ್ದ ಒಬಾಮಾ ಆಮೇಲೆ ಮನೆ ಸಾಲಗಾರರಿಗೆ ತಂದ ಯೋಜನೆಯೂ ಅವರೇ ಹೇಳಿದ್ದಕ್ಕಿಂತ ತೀರಾ ಕಡಿಮೆ ಮನೆಗಳನ್ನು ತಲುಪಿತು. ಅದರ ಮೇಲೂ ನನಗೆ ಸಿಟ್ಟಿದೆ, ಅದನ್ನು ಇನ್ನೊಮ್ಮೆ ಕರೆದರೆ ಹೇಳುತ್ತೇನೆ.

ಈಗ ಪ್ರಶ್ನೆಗಳಿದ್ದರೆ ಕೇಳಿ. ಮೆಕೇನ್ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಬಗ್ಗೆ ಮಾತ್ರ ಕೇಳಬೇಡಿ, ಸಭಾಂಗಣದವರು ಎಂಟು ಗಂಟೆಗೆ ಬೀಗ ಹಾಕುತ್ತಾರಂತೆ.