ನಿಂತ ಕೋಶ ಸತ್ತ ಕೋಶವಲ್ಲ

ಕಲಬುರಗಿ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ. ಹೊಲದ ಬದುವಿನ ಮೇಲೆ ಕುಳಿತು ಕೇಳುತ್ತಿರುವವರಿಗೆ, ರೊಟ್ಟಿ ಬಡಿಯುತ್ತ ಕಿವಿಗೊಟ್ಟಿರುವ ತಾಯಂದಿರಿಗೆ ಕ್ಯಾನ್ಸರ್ ವೈದ್ಯನಾದ ನಾನು ಇಂದು ಹೇಳುವುದು ಒಂದೇ ಮಾತು: ನಿಂತ ಕೋಶ ಸತ್ತ ಕೋಶವಲ್ಲ.

ನಮ್ಮ ಜೀವಕೋಶಗಳಿಗೂ ಮುಪ್ಪು ಬರುತ್ತದೆ. 1961ರಲ್ಲಿ ಅಮೆರಿಕದ ಹೇಫ್ಲಿಕ್ ಮತ್ತು ಮೂರ್‌ಹೆಡ್ ಅದನ್ನು ತೋರಿಸಿಕೊಟ್ಟರು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯನ ಕೋಶಗಳು ಸುಮಾರು 50 ಸಲ ಇಬ್ಭಾಗವಾದವು, ಆಮೇಲೆ ನಿಂತವು. ಸಾಯಲಿಲ್ಲ, ನಿಂತವು. ಹೀಗೆ ನಿಲ್ಲುವುದು ದೇಹಕ್ಕೆ ಕಾವಲು. ನಿಲ್ಲುವುದನ್ನೇ ಮರೆತ ಕೋಶ ಕ್ಯಾನ್ಸರ್ ಆಗಬಹುದು.

ಆಳಂದದ ಕಡೆಯ ಒಬ್ಬ ಮುತ್ಯಾ ನನ್ನ ಬಳಿ ಬರುತ್ತಿದ್ದರು. ತೊಗರಿ ಬೆಳೆಯುವವರು. ತಂಬಾಕು ಜಗಿದು ಜಗಿದು ಬಾಯಿಯ ಕ್ಯಾನ್ಸರ್ ಆಗಿತ್ತು. ವಿಕಿರಣ ಚಿಕಿತ್ಸೆಯಿಂದ ಹುಣ್ಣು ಮಾಯಿತು, ಮುತ್ಯಾ ಬರುವುದನ್ನು ಬಿಟ್ಟರು. ನಾಲ್ಕು ತಿಂಗಳ ಮೇಲೆ ಮಗಳು ಹಟ ಹಿಡಿದು ಕರೆತಂದಳು. "ಹುಣ್ಣೇ ಇಲ್ಲ ಸಾಹೇಬರೇ, ಬಸ್ಸಿನ ಖರ್ಚು ಯಾಕೆ ದಂಡ?" ಎಂದರು. ನನಗೂ ಸ್ವಲ್ಪ ಸಿಟ್ಟು ಬಂತು. "ಮುತ್ಯಾ, ನೆಟೆ ರೋಗ ಬಿದ್ದ ಹೊಲದಲ್ಲಿ ತೊಗರಿ ಕೊಯ್ದ ಮೇಲೆ ಕೂಳೆ ಹಾಗೇ ಬಿಡುತ್ತೀರಾ?" ಎಂದು ಕೇಳಿದೆ.

"ಬಿಟ್ಟರೆ ಕೆಟ್ಟೆವು! ಒಣಗಿದ ಬೇರಿನಲ್ಲೇ ರೋಗ ಎರಡು ಮೂರು ವರ್ಷ ಕುಳಿತಿರುತ್ತದೆ. ಕಿತ್ತು ಸುಡಬೇಕು" ಎಂದು ನನಗೇ ಪಾಠ ಹೇಳಿದರು. ಹೇಳುತ್ತಲೇ ಸುಮ್ಮನಾದರು. ಮೆಲ್ಲಗೆ ಗಲ್ಲ ಮುಟ್ಟಿಕೊಂಡರು. "ಇಲ್ಲಿಯೂ ಕೂಳೆ ಇದೆ ಅನ್ನುತ್ತೀರಾ?"

"ಇರಬಹುದು, ನೋಡೋಣ" ಎಂದೆ.

ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. ಔಷಧ, ವಿಕಿರಣ ಎಲ್ಲ ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುವುದಿಲ್ಲ. ಕೆಲವಕ್ಕೆ ಮುಪ್ಪು ತರಿಸಿ ನಿಲ್ಲಿಸುತ್ತವೆ. ಗಂಟು ಬೆಳೆಯುವುದಿಲ್ಲ, ನಿಜ. ಆದರೆ ಮುಪ್ಪಾದ ಕೋಶ ಉರಿಯೂತದ ರಸಗಳನ್ನು ಸೂಸುತ್ತ ಅಕ್ಕಪಕ್ಕದ ಕೋಶಗಳನ್ನು ಕೆಣಕುತ್ತಿರುತ್ತದೆ. ಕೆಲವು ತಾವೇ ಎದ್ದು ಮತ್ತೆ ಬೆಳೆಯಬಲ್ಲವು. ಅಂಥವನ್ನು ಹುಡುಕಿ ತೆಗೆಯುವ ಔಷಧಗಳು ಇನ್ನೂ ಪ್ರಯೋಗದಲ್ಲಿವೆ. ಅಲ್ಲಿಯವರೆಗೆ ಕೂಳೆ ಚಿಗುರುವುದನ್ನು ಹಿಡಿಯಲು ನಮಗಿರುವುದು ತಪಾಸಣೆ.

ಆದ್ದರಿಂದ ಚೀಟಿಯಲ್ಲಿ ಬರೆದ ತಾರೀಖಿಗೆ ಬನ್ನಿ. ನೋವಿಲ್ಲದಿದ್ದರೂ ಬನ್ನಿ, ಗಂಟು ಕರಗಿದ್ದರೂ ಬನ್ನಿ. ತಂಬಾಕಿನ ಚೀಲವನ್ನು ಮನೆಯಲ್ಲಿಯೂ ಇಡಬೇಡಿ. ಮುತ್ಯಾ ಈಗ ತೊಗರಿ ರಾಶಿಯ ದಿನಗಳಲ್ಲಿಯೂ ತಪ್ಪದೆ ಬರುತ್ತಾರೆ. ಒಳಗೆ ಬಂದವರೇ ಬಾಯಿ ತೆರೆದು, "ಕೂಳೆ ನೋಡಿ ಸಾಹೇಬರೇ" ಎನ್ನುತ್ತಾರೆ.