ಗಡಿ ದಾಟಿದ ಪಿಟೀಲುಗಳು

ಕೇಳುಗರಿಗೆ ನಮಸ್ಕಾರ.

ಪಿಟೀಲು ಕಲಿಯುವ ಮಕ್ಕಳನ್ನು ನೀವು ನೋಡಿರುತ್ತೀರಿ. ಪೆಟ್ಟಿಗೆ ಹೆಗಲಿಗೇರಿಸಿದರೆ ಆಯಿತು, ಬಸ್ಸು ಹತ್ತಬಹುದು. ನಾನೂ ಹಾಗೆ ಪಾಠಕ್ಕೆ ಹೋದವಳು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದೊಡ್ಡ ದಾಳಿ ಶುರು ಮಾಡಿತು. ಆಮೇಲಿನ ವಾರಗಳಲ್ಲಿ ಲಕ್ಷಾಂತರ ಹೆಂಗಸರು, ಮಕ್ಕಳು ಕೈಗೆ ಸಿಕ್ಕಿದ್ದನ್ನು ಹಿಡಿದು ಗಡಿಯ ಕಡೆಗೆ ಹೊರಟರು. ಆಗ ನನಗೆ ಮೊದಲು ಹೊಳೆದದ್ದು ಈ ಪೆಟ್ಟಿಗೆ. ಪಿಟೀಲನ್ನು ಹೊತ್ತೊಯ್ಯಬಹುದು. ಕೊಳಲಂತೂ ಚೀಲದಲ್ಲೇ ಹಿಡಿಸುತ್ತದೆ. ಆದರೆ ಆಳೆತ್ತರದ ಡಬಲ್ ಬಾಸ್? ಹಾರ್ಪ್ ಎಂಬ ದೊಡ್ಡ ತಂತಿವಾದ್ಯ? ತಾಮ್ರದ ದೊಡ್ಡ ನಗಾರಿಗಳು? ಅವನ್ನು ಹೊತ್ತು ಕೊರೆಯುವ ಚಳಿಯಲ್ಲಿ ಸಾಲಿನಲ್ಲಿ ನಿಲ್ಲೋಕಾಗುತ್ತಾ?

ಆ ದಿನಗಳಲ್ಲಿ ನಮ್ಮೂರುಗಳಲ್ಲೂ ಉಕ್ರೇನಿನ ಖಾರ್ಕಿವ್ ಅನ್ನುವ ನಗರದ ಹೆಸರು ಎಲ್ಲರ ಬಾಯಲ್ಲಿತ್ತು. ಅಲ್ಲಿ ವೈದ್ಯಕೀಯ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಮಾರ್ಚ್ 1ರಂದು ದಾಳಿಗೆ ಸಿಕ್ಕಿ ತೀರಿಕೊಂಡ. ಊಟದ ಸಾಮಾನು ತರಲು ಹೊರಗೆ ಹೋಗಿದ್ದ. ಆ ಸುದ್ದಿ ಕೇಳಿದ ರಾತ್ರಿ ಎಷ್ಟು ಮನೆಗಳಲ್ಲಿ ಊಟ ಸೇರಲಿಲ್ಲ, ನೆನಪಿದೆ ಅಲ್ವಾ?

ಇವತ್ತು ನಾನು ಹೇಳಬೇಕೆಂದಿರುವುದು ಉಕ್ರೇನಿನ ಯುವ ಸಿಂಫನಿ ಆರ್ಕೆಸ್ಟ್ರಾದ ವಿಷಯ. ಆರ್ಕೆಸ್ಟ್ರಾ ಅಂದರೆ ನಮಗೆ ಗಣೇಶನ ಪೆಂಡಾಲು, ಸಿನಿಮಾ ಹಾಡು ನೆನಪಾಗುತ್ತದೆ. ಇದು ಬೇರೆ. ಎಪ್ಪತ್ತು ಎಂಬತ್ತು ಜನ ಒಟ್ಟಿಗೆ ಕೂತು ಒಂದೇ ಕೃತಿ ನುಡಿಸುತ್ತಾರೆ. ನಮ್ಮ ಕಚೇರಿಯಲ್ಲಿ ತಂಬೂರಿ ಶ್ರುತಿ ಕೊಡುವ ಹಾಗೆ, ಅಲ್ಲಿ ಓಬೋ ಎಂಬ ಊದುವ ವಾದ್ಯ ಮೊದಲು ಒಂದು ಸ್ವರ ಕೊಡುತ್ತದೆ. ಎಲ್ಲರೂ ಅದಕ್ಕೆ ತಮ್ಮ ವಾದ್ಯ ಕೂಡಿಸಿಕೊಳ್ಳುತ್ತಾರೆ.

ಈ ವೃಂದವನ್ನು 2016ರಲ್ಲಿ ಕಟ್ಟಿದವರು ಒಕ್ಸಾನಾ ಲಿನಿವ್. ಪಶ್ಚಿಮ ಉಕ್ರೇನಿನ ಬ್ರೋಡಿ ಎಂಬ ಸಣ್ಣ ಪಟ್ಟಣದವರು. ಜರ್ಮನಿಯಲ್ಲಿ ಮಕ್ಕಳಿಗೆಂದೇ ಒಂದು ರಾಷ್ಟ್ರೀಯ ವಾದ್ಯವೃಂದವಿದೆ. ನಮ್ಮ ಮಕ್ಕಳಿಗೂ ಅಂಥದ್ದು ಬೇಕು ಎಂದು 12ರಿಂದ 22 ವರ್ಷದವರನ್ನು ದೇಶದ ಮೂಲೆಮೂಲೆಯಿಂದ ಆರಿಸಿದರು. ಲಿನಿವ್ ಅವರದು ದೊಡ್ಡ ಹೆಸರು. ಜರ್ಮನಿಯ ಬೈರಾಯ್ಟ್‌ನಲ್ಲಿ ಒಪೆರಾ, ಅಂದರೆ ಹಾಡುತ್ತಲೇ ಆಡುವ ನಾಟಕಗಳ ಉತ್ಸವ 1876ರಲ್ಲಿ ಶುರುವಾದದ್ದು. ಅಲ್ಲಿ ಕಂಡಕ್ಟರ್, ಅಂದರೆ ಎದುರು ನಿಂತು ಇಡೀ ವೃಂದವನ್ನು ನಡೆಸುವವರು, ಆಗಿ ನಿಂತ ಮೊದಲ ಹೆಂಗಸು ಇವರು, ಅದೂ 2021ರಲ್ಲಿ. 2022ರ ಜನವರಿಯಲ್ಲಿ ಇಟಲಿಯ ಬೊಲೊನ್ಯಾ ಒಪೆರಾ ಮನೆಗೆ ಸಂಗೀತ ನಿರ್ದೇಶಕಿಯಾದರು. ಮುಂದಿನ ತಿಂಗಳೇ ಯುದ್ಧ.

ಮಕ್ಕಳು ಚದುರಿಹೋದರು. ಒಬ್ಬೊಬ್ಬರೂ ಒಂದೊಂದು ಊರಿನಲ್ಲಿ, ಪರಿಚಯವಿಲ್ಲದ ಮನೆಗಳಲ್ಲಿ. ಇಲ್ಲಿ ಒಂದು ಮಾತು ಹೇಳಬೇಕು. ಒಬ್ಬ ಹುಡುಗಿ ಪೋಲೆಂಡಿನ ಒಂದು ಕೋಣೆಯಲ್ಲಿ ಪಿಟೀಲು ಅಭ್ಯಾಸ ಮಾಡಬಹುದು, ಇನ್ನೊಬ್ಬಳು ಜರ್ಮನಿಯಲ್ಲಿ ಮಾಡಬಹುದು. ಇಬ್ಬರ ಕೈಯೂ ಚೆನ್ನಾಗಿಯೇ ಇರುತ್ತದೆ. ಆದರೆ ವೃಂದ ಇರುವುದಿಲ್ಲ. ಪಕ್ಕದವರ ಕಮಾನು ಯಾವಾಗ ಮೇಲೇಳುತ್ತದೆ, ಹಿಂದೆ ಕೂತವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಅನ್ನುವುದು ಫೋನಿನಲ್ಲಿ ಬರುವ ವಿದ್ಯೆಯಲ್ಲ. ಅದಕ್ಕೆ ಒಂದೇ ಕೋಣೆ ಬೇಕು.

ಆ ಕೋಣೆ ಸಿಕ್ಕಿದ್ದು ಸ್ಲೊವೇನಿಯಾದಲ್ಲಿ. ಪುಟ್ಟ ದೇಶ, ಜನಸಂಖ್ಯೆ ಸುಮಾರು 21 ಲಕ್ಷ. ನಮ್ಮ ಒಂದು ಜಿಲ್ಲೆಯಷ್ಟು ಅನ್ನಿ. ಅದರ ರಾಜಧಾನಿ ಲುಬ್ಲಿಯಾನಾ 2022ರ ವಸಂತದಲ್ಲಿ ಈ ಮಕ್ಕಳಲ್ಲಿ ಹಲವರನ್ನು ಕರೆಸಿಕೊಂಡಿತು. ಇರಲು ಜಾಗ ಕೊಟ್ಟಿತು, ತಾಲೀಮಿಗೂ ಜಾಗ ಕೊಟ್ಟಿತು. ಆ ದೇಶದ ಮೇಲೆ ನನಗೆ ತುಂಬಾ ಗೌರವ. ಅನ್ನ ಬಟ್ಟೆ ಕೊಡುವವರು ಪುಣ್ಯವಂತರು. ಅದರ ಜೊತೆಗೆ ಕೂತು ನುಡಿಸಲು ಜಾಗವೂ ಬೇಕು ಅಂತ ಹೊಳೆಯುವುದು ಎಲ್ಲರಿಗೂ ಆಗುವ ಮಾತಲ್ಲ. ಆಮೇಲೆ ಈ ವೃಂದ ಯುರೋಪಿನ ಬೇರೆ ವೇದಿಕೆಗಳಲ್ಲೂ ನುಡಿಸಿತು.

ಹೀಗೆ ಸಂಗೀತ ಹೊತ್ತು ದೇಶ ಬಿಡುವುದು ಉಕ್ರೇನಿನವರಿಗೆ ಹೊಸದೇನಲ್ಲ. 1919ರಲ್ಲಿ ಬೊಲ್ಶೆವಿಕ್, ಅಂದರೆ ರಷ್ಯಾದ ಕಮ್ಯುನಿಸ್ಟರ ಸೈನ್ಯ ಕೀವ್ ಕಡೆಗೆ ಬರುತ್ತಿದ್ದಾಗ ಅಲ್ಲಿಂದ ಒಂದು ಗಾಯಕರ ತಂಡ ಹೊರಟಿತ್ತು. ಓಲೆಕ್ಸಾಂಡರ್ ಕೋಶಿತ್ಸ್ ಅದರ ಮುಖಂಡರು. ಊರೂರು ಹಾಡುತ್ತಾ 1922ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್ ಮುಟ್ಟಿದರು. ಅಲ್ಲಿ ಹಾಡಿದ್ದರಲ್ಲಿ ‘ಶ್ಚೆದ್ರಿಕ್’ ಒಂದು. ಹೊಸ ವರ್ಷದಲ್ಲಿ ಹಕ್ಕಿಯೊಂದು ಮನೆಗೆ ಶುಭ ತರುವ ಹಾಡು ಅದು. ಈಗ ಪ್ರಪಂಚವೆಲ್ಲ ಅದನ್ನು ಕ್ರಿಸ್‌ಮಸ್ ಹಾಡೆಂದು ಕೇಳುತ್ತದೆ. ಆ ಹಾಡನ್ನು ಗಾಯಕರ ತಂಡಕ್ಕೆಂದು ಹೊಂದಿಸಿದ ಸಂಗೀತಗಾರ ಲಿಯೊಂಟೊವಿಚ್ ತಂಡ ಕಾರ್ನೆಗಿ ಹಾಲ್ ಮುಟ್ಟುವ ಹೊತ್ತಿಗೆ ಬದುಕಿರಲಿಲ್ಲ. 1921ರ ಜನವರಿಯಲ್ಲಿ ಸೋವಿಯತ್ ಗುಪ್ತಚರನೊಬ್ಬ ಅವರನ್ನು ಗುಂಡಿಟ್ಟು ಕೊಂದಿದ್ದ. ಕೋಶಿತ್ಸ್ ಮತ್ತೆ ಊರು ನೋಡಲಿಲ್ಲ. 1944ರಲ್ಲಿ ಕೆನಡಾದಲ್ಲಿ ಕಣ್ಣು ಮುಚ್ಚಿದರು.

ಹೋದ ಸಲ ಹೊರಟವರು ದೊಡ್ಡವರು. ಈ ಸಲ ಮಕ್ಕಳು. ಮಕ್ಕಳ ವೃಂದಕ್ಕೆ ಒಂದು ಬೇರೆಯೇ ಕಷ್ಟ ಇದೆ, ವಯಸ್ಸಿನ ಕಷ್ಟ. ಯುದ್ಧ ಶುರುವಾದ ದಿನವೇ ಉಕ್ರೇನಿನಲ್ಲಿ ಒಂದು ನಿಯಮ ಬಂತು. 18ರಿಂದ 60 ವರ್ಷದ ಗಂಡಸರು ವಿಶೇಷ ಅನುಮತಿ ಇಲ್ಲದೆ ದೇಶ ಬಿಡುವಂತಿಲ್ಲ. ಸರಿಯೋ ತಪ್ಪೋ ಹೇಳಲು ನಾನ್ಯಾರು, ದೇಶ ಉಳಿಸಿಕೊಳ್ಳುವ ಸಂಕಟ ಅವರದು. ಆದರೆ 12ರಿಂದ 22ರ ವೃಂದದಲ್ಲಿ ಇದರ ಅರ್ಥ ಏನು ನೋಡಿ. 17ರ ಹುಡುಗ ತಾಯಿಯ ಜೊತೆ ಗಡಿ ದಾಟಬಹುದು. ಅವನ ಪಕ್ಕ ಕೂತು ನುಡಿಸುತ್ತಿದ್ದ 18ರ ಅಣ್ಣ ಅಲ್ಲೇ ಉಳಿಯಬೇಕು. ತಾಲೀಮಿಗೆ ಕುರ್ಚಿ ಹಾಕುವಾಗ ಅವನದನ್ನು ಹಾಕಬೇಕೋ ಬೇಡವೋ? ನನಗಂತೂ ಈ ಯೋಚನೆ ಬಂದರೆ ಗಂಟಲು ಕಟ್ಟುತ್ತದೆ.

2025ರ ಆಗಸ್ಟ್‌ನಲ್ಲಿ ಉಕ್ರೇನ್ ಸರ್ಕಾರ ನಿಯಮ ಸಡಿಲಿಸಿತು. 18ರಿಂದ 22 ವರ್ಷದ ಹುಡುಗರು ಗಡಿ ದಾಟಬಹುದು ಎಂದಿತು. ಸರಿಯಾಗಿ ಈ ವೃಂದದ ದೊಡ್ಡ ಹುಡುಗರ ವಯಸ್ಸು. ಆದರೆ ಯುದ್ಧ ಶುರುವಾದಾಗ 20 ತುಂಬಿದ್ದ ಹುಡುಗನಿಗೆ ಆ ಹೊತ್ತಿಗೆ 23 ಆಗಿತ್ತು. ಅವನಿಗೆ ಗಡಿಯೂ ತೆರೆಯಲಿಲ್ಲ, ವೃಂದದ ವಯಸ್ಸೂ ದಾಟಿಹೋಗಿತ್ತು.

ನಮಸ್ಕಾರ.